ಹಳೆಯ ಡೆಸ್ಕ್‌ಟಾಪಿನ ನೆಟ್‌ವರ್ಕ್: ನಾಲ್ಕು ವಿಳಾಸ, ಒಂದು ಗಡಿಯಾರ

ಉಡುಪಿ ಸೀಮೆಯ ಮನೆಗಳಲ್ಲೂ ಸಣ್ಣ ಕಚೇರಿಗಳಲ್ಲೂ ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರುಗಳು ಇನ್ನೂ ಉಳಿದಿರುವುದಕ್ಕೆ ತಕ್ಕ ಕಾರಣಗಳಿವೆ. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪ್ ಮಾಡಿಟ್ಟ ಕಡತಗಳು, ಹೊಸ ವಿಂಡೋಸ್‌ಗೆ ಡ್ರೈವರ್ (ಸಾಧನವನ್ನು ನಡೆಸುವ ತಂತ್ರಾಂಶ) ಸಿಗದ ಸ್ಕ್ಯಾನರ್, ಪ್ಯಾರಲಲ್ ಪೋರ್ಟಿಗೆ ಸಿಕ್ಕಿಸಿದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ವರ್ಷಗಟ್ಟಲೆಯ ಲೆಕ್ಕಪತ್ರ ತುಂಬಿರುವ ಹಳೆಯ ತಂತ್ರಾಂಶ, ಇವುಗಳಲ್ಲಿ ಯಾವುದೊಂದಿದ್ದರೂ ಆ ಯಂತ್ರವನ್ನು ಗುಜರಿಗೆ ಕೊಡಲು ಮನಸ್ಸು ಬರುವುದಿಲ್ಲ. ಅಂಥ ಯಂತ್ರಗಳಿಗೆ ಈಚಿನ ವರ್ಷಗಳಲ್ಲಿ ಎದುರಾದ ದೊಡ್ಡ ತೊಡಕೆಂದರೆ ದೂರವಾಣಿಯ ತಾಮ್ರದ ತಂತಿ ಹೋಗಿ ಮನೆಗೆ ಫೈಬರ್ ಬಂದದ್ದು. ಹೊಸ ಫೈಬರ್ ಪೆಟ್ಟಿಗೆಯನ್ನು ಗೋಡೆಗೆ ಬಡಿದ ದಿನವೇ ಮನೆಯ ಮೊಬೈಲುಗಳೆಲ್ಲ ವೈಫೈ ಹಿಡಿಯುತ್ತವೆ. ಚಾವಡಿಯ ಮೂಲೆಯ ಡೆಸ್ಕ್‌ಟಾಪ್ ಮಾತ್ರ ಸುಮ್ಮನೆ ಕುಳಿತಿರುತ್ತದೆ.

ಬ್ರಹ್ಮಾವರದ ಸಮೀಪ ಇರುವ, ನಿವೃತ್ತ ಅಧ್ಯಾಪಕರಾದ ನನ್ನ ಸೋದರಮಾವನ ಮನೆಯಲ್ಲಿ ಆದದ್ದೂ ಇದೇ. ವಿಂಡೋಸ್ 7 ಇರುವ ಯಂತ್ರ. ಯಂತ್ರವನ್ನು ಫೈಬರ್ ಪೆಟ್ಟಿಗೆಗೆ ಜೋಡಿಸುವ ಲ್ಯಾನ್ ತಂತಿ ಸಿಕ್ಕಿಸಿದಲ್ಲಿ ಹಸಿರು ದೀಪ ಉರಿಯುತ್ತಿತ್ತು, ಆದರೆ ಒಂದು ಪುಟವೂ ತೆರೆಯುತ್ತಿರಲಿಲ್ಲ. ಫೈಬರ್ ಜೋಡಿಸಲು ಬಂದಿದ್ದ ಹುಡುಗ, ಕಂಪ್ಯೂಟರಿಗೆ ವಯಸ್ಸಾಯಿತು, ಹೊಸದು ತೆಗೆದುಕೊಳ್ಳಿ ಎಂದು ಹೇಳಿ ಹೋಗಿದ್ದನಂತೆ. ಯಂತ್ರದಲ್ಲಿ ಯಾವ ಕೆಡುಕೂ ಇರಲಿಲ್ಲ. ವರ್ಷಗಳ ಹಿಂದೆ ಯಾರೋ ಕೈಯಾರೆ ಬರೆದಿಟ್ಟ ನಾಲ್ಕು ವಿಳಾಸಗಳು ಹಾಗೇ ಉಳಿದುಕೊಂಡಿದ್ದವು, ಮತ್ತು ಆ ವಿಳಾಸಗಳು ಹೇಳುತ್ತಿದ್ದ ಮೋಡೆಮ್ ಆ ಮನೆಯಲ್ಲಿ ಈಗ ಇರಲಿಲ್ಲ. ನೆಟ್‌ವರ್ಕ್ ಸೆಟ್ಟಿಂಗ್ ಎಂದು ನಾವು ಕರೆಯುವುದರ ಬಹುಪಾಲು, ಪರದೆಯ ಮೇಲೆ ಈ ವಿಳಾಸಗಳನ್ನು ತುಂಬುವ ನಾಲ್ಕು ಪೆಟ್ಟಿಗೆಗಳೇ ಆಗಿರುವುದರಿಂದ, ಅವು ಏನನ್ನು ಕೇಳುತ್ತವೆ ಎಂಬುದು ತಿಳಿದರೆ ಉಳಿದ ಕೆಲಸವನ್ನು ಮನೆಯವರೇ ಮಾಡಿಕೊಳ್ಳಬಹುದು.

ಮೊದಲನೆಯದು ಐಪಿ ವಿಳಾಸ, ಎಂದರೆ ಈ ಯಂತ್ರದ ಸ್ವಂತ ವಿಳಾಸ. ಚುಕ್ಕೆಗಳಿಂದ ಬೇರ್ಪಡಿಸಿದ ನಾಲ್ಕು ಅಂಕಿಗಳು, ಪ್ರತಿಯೊಂದೂ 0ಯಿಂದ 255ರವರೆಗೆ. ಈ ಪದ್ಧತಿಯಲ್ಲಿ ಒಟ್ಟು ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಜಗತ್ತಿನ ಎಲ್ಲ ಯಂತ್ರಗಳಿಗೆ ಅವು ಸಾಲುವುದಿಲ್ಲ. ಆದ್ದರಿಂದ 192.168 ಎಂದು ಆರಂಭವಾಗುವವು, 10 ಎಂದು ಆರಂಭವಾಗುವವು, 172.16ರಿಂದ 172.31ರವರೆಗಿನವು, ಈ ಮೂರು ಗುಂಪುಗಳನ್ನು ಯಾರು ಬೇಕಾದರೂ ತಮ್ಮ ಮನೆ ಅಥವಾ ಕಚೇರಿಯ ಒಳಗೆ ಬಳಸಿಕೊಳ್ಳಲಿ ಎಂದು ಬಿಟ್ಟುಕೊಡಲಾಯಿತು. ಇದರ ಈಗಿನ ನಿಯಮ 1996ರದು. ನಮ್ಮ ಜಿಲ್ಲೆಯಲ್ಲಿ ತೆಂಕುಮನೆ, ಬಡಗುಮನೆ, ಹೊಸಮನೆ ಎಂಬ ಹೆಸರಿನ ಮನೆಗಳು ಊರೂರಿಗೂ ಇವೆ. ಆಯಾ ಊರಿನೊಳಗೆ ಆ ಹೆಸರಿನಿಂದ ಗೊಂದಲವಾಗುವುದಿಲ್ಲ, ಊರ ಹೊರಗಿನವರಿಗೆ ಆ ಹೆಸರೊಂದೇ ಸಾಕಾಗುವುದೂ ಇಲ್ಲ. 192.168.1.10 ಎಂಬುದು ಅಂಥ ಮನೆಹೆಸರು.

ಎರಡನೆಯದು ಸಬ್‌ನೆಟ್ ಮಾಸ್ಕ್. ಹೆಚ್ಚಿನ ಮನೆಗಳಲ್ಲಿ ಅದು 255.255.255.0. ವಿಳಾಸದ ಎಷ್ಟು ಭಾಗ ಊರಿನ ಹೆಸರು, ಎಷ್ಟು ಭಾಗ ಮನೆಯ ಹೆಸರು ಎಂಬುದನ್ನು ಇದು ಹೇಳುತ್ತದೆ: 255 ಇರುವ ಮೊದಲ ಮೂರು ಅಂಕಿಗಳು ಊರು, 0 ಇರುವ ಕೊನೆಯದು ಮನೆ. ಯಂತ್ರವು ಏನನ್ನಾದರೂ ಕಳುಹಿಸುವ ಮೊದಲು, ತಲುಪಬೇಕಾದ ವಿಳಾಸದ ಮೊದಲ ಮೂರು ಅಂಕಿಗಳನ್ನು ತನ್ನವುಗಳೊಂದಿಗೆ ಹೋಲಿಸಿ ನೋಡುತ್ತದೆ. ಒಂದೇ ಆಗಿದ್ದರೆ ನೇರವಾಗಿ ಕೊಡುತ್ತದೆ. ಬೇರೆಯಾಗಿದ್ದರೆ ಮೂರನೆಯ ಪೆಟ್ಟಿಗೆಯಾದ ಡೀಫಾಲ್ಟ್ ಗೇಟ್‌ವೇ ನೋಡುತ್ತದೆ, ಎಂದರೆ ಊರ ಹೊರಗಿನ ಟಪಾಲನ್ನೆಲ್ಲ ಯಾರ ಕೈಗೆ ಕೊಡಬೇಕೋ ಅವರ ವಿಳಾಸವನ್ನು ನೋಡುತ್ತದೆ. ಮನೆಗಳಲ್ಲಿ ಆ ಕೆಲಸ ಮಾಡುವುದು ಮೋಡೆಮ್ ಅಥವಾ ಫೈಬರ್ ಪೆಟ್ಟಿಗೆ. ಈ ಪೆಟ್ಟಿಗೆ ನಮ್ಮ ಯಂತ್ರದ ಊರಿನಲ್ಲೇ ಇರಬೇಕು. ಇಲ್ಲದಿದ್ದರೆ ಅದನ್ನು ತಲುಪುವುದಕ್ಕೇ ಇನ್ನೊಬ್ಬರ ಸಹಾಯ ಬೇಕಾಗುತ್ತದೆ.

ಮಾವನ ಯಂತ್ರದಲ್ಲಿ ವಿಳಾಸ 192.168.1.10 ಎಂದೂ ಗೇಟ್‌ವೇ 192.168.1.1 ಎಂದೂ ಬರೆದಿತ್ತು. ಹೊಸ ಫೈಬರ್ ಪೆಟ್ಟಿಗೆ ತನ್ನನ್ನು 192.168.0.1 ಎಂದು ಕರೆದುಕೊಳ್ಳುತ್ತಿತ್ತು. ಮೂರನೆಯ ಅಂಕಿ ಬೇರೆ. ಒಂದೇ ತಂತಿಯ ಎರಡು ತುದಿಗಳಲ್ಲಿದ್ದರೂ ಕಂಪ್ಯೂಟರ್ ಮತ್ತು ಪೆಟ್ಟಿಗೆ ಎರಡು ಬೇರೆ ಊರುಗಳಲ್ಲಿದ್ದವು. ತಂತಿ ಸರಿಯಾಗಿದ್ದುದರಿಂದ ದೀಪವೇನೋ ಉರಿಯುತ್ತಿತ್ತು, ಆದರೆ 192.168.1.1 ಎಂದು ಕೂಗಿದರೆ ಓಗೊಡುವವರು ಇರಲಿಲ್ಲ.

ನಾಲ್ಕನೆಯದು ಡಿಎನ್‌ಎಸ್. ನಾವು ಹೆಸರು ಟೈಪ್ ಮಾಡುತ್ತೇವೆ, ಯಂತ್ರಗಳಿಗೆ ಅಂಕಿ ಬೇಕು. ಹೆಸರನ್ನು ಅಂಕಿಯಾಗಿ ತಿಳಿಸುವ ಈ ವ್ಯವಸ್ಥೆ 1983ರಲ್ಲಿ ರೂಪುಗೊಂಡಿತು, ಮತ್ತು ಈ ಪೆಟ್ಟಿಗೆಯಲ್ಲಿರುವುದು ಆ ಪ್ರಶ್ನೆಯನ್ನು ಯಾರಿಗೆ ಕೇಳಬೇಕು ಎಂಬ ವಿಳಾಸ. ಹಳೆಯ ಯಂತ್ರಗಳಲ್ಲಿ ಇದನ್ನು ವಿಶೇಷ ಗಮನದಿಂದ ನೋಡಬೇಕು. ಡಿಎನ್‌ಎಸ್ ಚೇಂಜರ್ ಎಂಬ ದುಷ್ಟ ತಂತ್ರಾಂಶವೊಂದು ಲಕ್ಷಾಂತರ ಕಂಪ್ಯೂಟರುಗಳಲ್ಲಿ ಈ ಪೆಟ್ಟಿಗೆಯ ಅಂಕಿಗಳನ್ನು ಗುಟ್ಟಾಗಿ ಬದಲಿಸಿ, ಬಳಕೆದಾರರನ್ನು ತನಗೆ ಬೇಕಾದ ತಾಣಗಳಿಗೆ ತಿರುಗಿಸುತ್ತಿತ್ತು. 2011ರ ನವೆಂಬರಿನಲ್ಲಿ ಅದನ್ನು ನಡೆಸುತ್ತಿದ್ದವರು ಸಿಕ್ಕಿಬಿದ್ದರು. ಸೋಂಕಿತ ಯಂತ್ರಗಳ ಸಂಪರ್ಕ ಒಮ್ಮೆಲೇ ಕಡಿದುಹೋಗದಿರಲೆಂದು ನಡೆಸಲಾಗುತ್ತಿದ್ದ ಬದಲಿ ಸರ್ವರುಗಳನ್ನು 2012ರ ಜುಲೈ 9ರಂದು ನಿಲ್ಲಿಸಲಾಯಿತು. ಹಲವು ವರ್ಷ ಮುಚ್ಚಿಟ್ಟಿದ್ದ ಯಂತ್ರವನ್ನು ಈಗ ಹೊರತೆಗೆಯುವವರು, ಈ ಪೆಟ್ಟಿಗೆಯಲ್ಲಿ ತಮಗೆ ಗುರುತಿಲ್ಲದ ಅಂಕಿ ಕಂಡರೆ ಅದನ್ನು ಹಾಗೇ ಬಿಡಬಾರದು.

ಈ ನಾಲ್ಕು ಪೆಟ್ಟಿಗೆಗಳಿರುವ ಜಾಗಕ್ಕೆ ಹೋಗುವ ದಾರಿ ವಿಂಡೋಸ್ 7ರಲ್ಲಿ ಹೀಗಿದೆ: ಕಂಟ್ರೋಲ್ ಪ್ಯಾನೆಲ್, ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್, ಎಡಗಡೆಯ ಚೇಂಜ್ ಅಡಾಪ್ಟರ್ ಸೆಟ್ಟಿಂಗ್ಸ್. ಅಲ್ಲಿ ಲೋಕಲ್ ಏರಿಯಾ ಕನೆಕ್ಷನ್ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದು, ಪಟ್ಟಿಯಲ್ಲಿರುವ ಇಂಟರ್‌ನೆಟ್ ಪ್ರೋಟೋಕಾಲ್ ವರ್ಷನ್ 4 ಎಂಬುದನ್ನು ಆರಿಸಿ ಮತ್ತೆ ಪ್ರಾಪರ್ಟೀಸ್ ಒತ್ತಬೇಕು. ಅದಕ್ಕಿಂತ ಹಳೆಯ ವಿಂಡೋಸ್ ಎಕ್ಸ್‌ಪಿಯಲ್ಲಿ ಕಂಟ್ರೋಲ್ ಪ್ಯಾನೆಲಿನ ನೆಟ್‌ವರ್ಕ್ ಕನೆಕ್ಷನ್ಸ್ ಮೂಲಕ ಇದೇ ಕಿಟಕಿ ತೆರೆಯುತ್ತದೆ. ಏನನ್ನಾದರೂ ಬದಲಿಸುವ ಮೊದಲು ಅಲ್ಲಿರುವ ಅಂಕಿಗಳನ್ನೆಲ್ಲ ಕಾಗದದಲ್ಲಿ ಬರೆದಿಡಿ, ಇಲ್ಲವೇ ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದಿಡಿ. ಇದನ್ನು ಮಾಡದೆ ಮುಂದೆ ಹೋಗುವವರನ್ನು ನಾನು ತಡೆಯುತ್ತೇನೆ, ಏಕೆಂದರೆ ಒಂದು ಅಂಕಿ ತಪ್ಪಿದರೂ ಮೊದಲಿನ ಸ್ಥಿತಿಗೆ ಮರಳುವ ದಾರಿ ಆ ಚೀಟಿಯೊಂದೇ.

ಬಹುತೇಕ ಮನೆಗಳಲ್ಲಿ ಮಾಡಬೇಕಾದ ಬದಲಾವಣೆ ಒಂದೇ: ವಿಳಾಸಕ್ಕೂ ಡಿಎನ್‌ಎಸ್‌ಗೂ ಆಟೊಮ್ಯಾಟಿಕಲಿ ಎಂಬ ಆಯ್ಕೆಗೆ ಚುಕ್ಕೆ ಹಾಕಿ ಓಕೆ ಒತ್ತುವುದು. ಆಗ ಯಂತ್ರವು, ನನಗೊಂದು ವಿಳಾಸ ಕೊಡುವವರು ಇದ್ದೀರಾ ಎಂದು ತಂತಿಯಲ್ಲಿ ಎಲ್ಲರನ್ನೂ ಕೇಳುತ್ತದೆ. ಫೈಬರ್ ಪೆಟ್ಟಿಗೆ ಒಂದು ವಿಳಾಸವನ್ನು ಮುಂದಿಡುತ್ತದೆ. ಯಂತ್ರ ಅದೇ ಬೇಕೆಂದು ಬೇಡುತ್ತದೆ. ಪೆಟ್ಟಿಗೆ ಒಪ್ಪಿ, ಮಾಸ್ಕ್, ಗೇಟ್‌ವೇ, ಡಿಎನ್‌ಎಸ್ ಮೂರನ್ನೂ ಜೊತೆಗೆ ತಿಳಿಸುತ್ತದೆ. ಡಿಎಚ್‌ಸಿಪಿ ಎಂಬುದು ಈ ಮಾತುಕತೆಯ ಹೆಸರು. ಕೊಟ್ಟ ವಿಳಾಸಕ್ಕೆ ಅವಧಿಯಿರುತ್ತದೆ, ಅವಧಿ ಮುಗಿಯುವ ಮೊದಲೇ ನವೀಕರಿಸಿಕೊಳ್ಳಬೇಕು. ನಮ್ಮ ಕರಾವಳಿಯ ಹಿರಿಯರಿಗೆ ಇದನ್ನು ಗೇಣಿಯ ಮಾತಿನಲ್ಲಿ ಹೇಳಿದರೆ ಕೂಡಲೇ ಅರ್ಥವಾಗುತ್ತದೆ: ಡಿಎಚ್‌ಸಿಪಿ ಕೊಡುವುದು ಅವಧಿಗೊಮ್ಮೆ ನವೀಕರಿಸಬೇಕಾದ ಚಾಲಗೇಣಿ, ಕೈಯಾರೆ ಬರೆದದ್ದು ಶಾಶ್ವತವಾದ ಮೂಲಗೇಣಿ. ಆದರೆ ಇಲ್ಲಿ ಒಂದು ಅಪಾಯವಿದೆ. ನಾವು ಯಂತ್ರದೊಳಗೆ ಬರೆದುಕೊಂಡ ಮೂಲಗೇಣಿ ಪೆಟ್ಟಿಗೆಯ ಪುಸ್ತಕದಲ್ಲಿ ಇರುವುದಿಲ್ಲವಾದ್ದರಿಂದ, ಅದು ಅದೇ ವಿಳಾಸವನ್ನು ಇನ್ನೊಂದು ಮೊಬೈಲಿಗೂ ಕೊಟ್ಟೀತು. ಆಗ ಎರಡಕ್ಕೂ ತೊಂದರೆ. ಪ್ರಿಂಟರ್ ಹಂಚಿಕೊಳ್ಳಲೆಂದು ಸ್ಥಿರ ವಿಳಾಸ ಬೇಕೇ ಬೇಕಾದರೆ, ಯಂತ್ರದ ಮ್ಯಾಕ್ ವಿಳಾಸವನ್ನು (ಲ್ಯಾನ್ ಕಾರ್ಡಿಗೆ ತಯಾರಿಕೆಯಲ್ಲೇ ಕೊಟ್ಟ ಗುರುತುಸಂಖ್ಯೆ) ಫೈಬರ್ ಪೆಟ್ಟಿಗೆಯ ಸೆಟ್ಟಿಂಗಿನಲ್ಲಿ ದಾಖಲಿಸಿ ಅಲ್ಲಿಯೇ ವಿಳಾಸ ಕಾದಿರಿಸುವುದು ಉತ್ತಮ.

ತಾಮ್ರದ ತಂತಿಯ ಕಾಲದಲ್ಲಿ ಹಲವರ ಡೆಸ್ಕ್‌ಟಾಪಿನಲ್ಲಿ ಬ್ರಾಡ್‌ಬ್ಯಾಂಡ್ ಕನೆಕ್ಷನ್ ಎಂಬ ಐಕಾನ್ ಇತ್ತು. ಅದನ್ನು ಒತ್ತಿ ಬಳಕೆದಾರರ ಹೆಸರು, ಗುಪ್ತಪದ ಕೊಟ್ಟ ಮೇಲೆ ಸಂಪರ್ಕ ಸಿಗುತ್ತಿತ್ತು. ಈಗ ಸಾಮಾನ್ಯವಾಗಿ ಆ ಕೆಲಸವನ್ನು ಫೈಬರ್ ಪೆಟ್ಟಿಗೆ ತನ್ನೊಳಗೇ ಮಾಡಿಕೊಳ್ಳುತ್ತದೆ. ಅಭ್ಯಾಸಬಲದಿಂದ ಹಳೆಯ ಐಕಾನ್ ಒತ್ತಿದರೆ ಎಕ್ಸ್‌ಪಿಯಲ್ಲಿ 678, ವಿಂಡೋಸ್ 7ರಲ್ಲಿ 651 ಎಂಬ ದೋಷಸಂಖ್ಯೆ ಬರುತ್ತದೆ. ಆ ಐಕಾನನ್ನು ಅಳಿಸಿಬಿಡಬಹುದು.

ಇಷ್ಟಾದರೂ ಪುಟ ತೆರೆಯದಿದ್ದರೆ, ಹತ್ತಿರದಿಂದ ದೂರಕ್ಕೆ ಒಂದೊಂದೇ ಹೆಜ್ಜೆ ಪರೀಕ್ಷಿಸಬೇಕು. ಸ್ಟಾರ್ಟ್ ಗುಂಡಿಯ ಬಳಿ ಸಿ ಎಂ ಡಿ ಎಂಬ ಮೂರು ಅಕ್ಷರ ಟೈಪ್ ಮಾಡಿದರೆ ಕಪ್ಪು ಕಿಟಕಿಯೊಂದು ಸಿಗುತ್ತದೆ. ಅದರಲ್ಲಿ ಐಪಿಕಾನ್ಫಿಗ್ (ipconfig) ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿದರೆ ಯಂತ್ರದ ಈಗಿನ ವಿಳಾಸ ಕಾಣುತ್ತದೆ. ಅದು 169.254 ಎಂದು ಆರಂಭವಾಗಿದ್ದರೆ ಅರ್ಥ ಸ್ಪಷ್ಟ: ಯಂತ್ರ ವಿಳಾಸ ಕೇಳಿದೆ, ಯಾರೂ ಉತ್ತರಿಸಿಲ್ಲ, ಆದ್ದರಿಂದ ತಾನೇ ಒಂದನ್ನು ಇಟ್ಟುಕೊಂಡಿದೆ. ಇದು ಒಂದು ಬಗೆಯಲ್ಲಿ ಒಳ್ಳೆಯ ಸುದ್ದಿ, ಏಕೆಂದರೆ ಲ್ಯಾನ್ ಕಾರ್ಡಿಗೆ ಡ್ರೈವರ್ ಇದೆ ಎಂಬುದಾದರೂ ಖಚಿತವಾಯಿತು. ಹುಡುಕಬೇಕಾದದ್ದು ತಂತಿಯಲ್ಲಿ ಅಥವಾ ಪೆಟ್ಟಿಗೆಯಲ್ಲಿ.

ವಿಳಾಸ ಸರಿಯಿದ್ದರೆ ಅದೇ ಕಿಟಕಿಯಲ್ಲಿ ಪಿಂಗ್ (ping) ಎಂಬ ಆಜ್ಞೆಯನ್ನು, ಅದರ ಮುಂದೆ ಜಾಗ ಬಿಟ್ಟು ವಿಳಾಸ ಬರೆದು, ಬಳಸಬೇಕು. ಇದು ಒಂದು ವಿಳಾಸವನ್ನು ಕೂಗಿ, ಅಲ್ಲಿಂದ ಉತ್ತರ ಬರಲು ಎಷ್ಟು ಹೊತ್ತು ಬೇಕಾಯಿತೆಂದು ಹೇಳುತ್ತದೆ. ಮೊದಲು 127.0.0.1ನ್ನು ಕೂಗಿ, ಅದು ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ. ಅಲ್ಲಿಂದಲೇ ಉತ್ತರ ಬರದಿದ್ದರೆ ವಿಂಡೋಸ್‌ನ ಒಳಗಿನ ನೆಟ್‌ವರ್ಕ್ ಭಾಗ ಕೆಟ್ಟಿದೆ. ಬಳಿಕ ಗೇಟ್‌ವೇ. ಅದಕ್ಕೆ ಉತ್ತರ ಬಂದರೆ ಮನೆಯೊಳಗಿನ ತಂತಿ, ಕಾರ್ಡು, ಮಾಸ್ಕ್ ಎಲ್ಲವೂ ಸರಿ. ಮೂರನೆಯದಾಗಿ 8.8.8.8, ಗೂಗಲ್ ನಡೆಸುವ ಸಾರ್ವಜನಿಕ ಡಿಎನ್‌ಎಸ್ ಸರ್ವರಿನ ವಿಳಾಸ. ಇದಕ್ಕೆ ಉತ್ತರ ಬಂದರೆ ಹೊರಜಗತ್ತಿಗೆ ದಾರಿ ತೆರೆದಿದೆ. ಕೊನೆಗೆ ಅಂಕಿಯ ಬದಲು ಯಾವುದಾದರೂ ತಾಣದ ಹೆಸರನ್ನು ಕೂಗಿ. ಅಂಕಿಗೆ ಉತ್ತರ ಬಂದು, ಹೆಸರಿಗೆ ಮಾತ್ರ ಹೋಸ್ಟ್ ಸಿಗಲಿಲ್ಲ ಎಂಬ ಸಂದೇಶ ಬಂದರೆ ದೋಷವಿರುವುದು ಡಿಎನ್‌ಎಸ್‌ನಲ್ಲಿ. ಎಲ್ಲಕ್ಕೂ ಉತ್ತರ ಬಂದು ಬ್ರೌಸರ್ ಮಾತ್ರ ತೆರೆಯದಿದ್ದರೆ, ಇಂಟರ್‌ನೆಟ್ ಆಪ್ಷನ್ಸ್‌ನ ಕನೆಕ್ಷನ್ಸ್ ವಿಭಾಗದಲ್ಲಿ ಲ್ಯಾನ್ ಸೆಟ್ಟಿಂಗ್ಸ್ ತೆರೆದು ಪ್ರಾಕ್ಸಿ ಸರ್ವರಿಗೆ, ಎಂದರೆ ನಡುವೆ ನಿಂತು ಪುಟಗಳನ್ನು ತಂದುಕೊಡುವ ಯಂತ್ರಕ್ಕೆ, ಟಿಕ್ ಇದೆಯೇ ನೋಡಬೇಕು. ಸೈಬರ್ ಸೆಂಟರಿನಿಂದಲೋ ಕಚೇರಿಯಿಂದಲೋ ಸೆಕೆಂಡ್‌ಹ್ಯಾಂಡ್ ಆಗಿ ಬಂದ ಯಂತ್ರಗಳಲ್ಲಿ ಹಿಂದಿನವರ ಪ್ರಾಕ್ಸಿ ಹಾಗೇ ಉಳಿದಿರುವುದುಂಟು.

ನಮ್ಮ ಕರಾವಳಿಗೇ ವಿಶೇಷವಾದ ಕೆಲವು ತೊಂದರೆಗಳಿವೆ. ಮಲ್ಪೆ, ಕಾಪು, ಪಣಂಬೂರಿನಂಥ ಕಡಲ ಬದಿಯ ಊರುಗಳಲ್ಲಿ ಉಪ್ಪುಗಾಳಿಗೆ ಲ್ಯಾನ್ ಪಿನ್ನುಗಳು ಮಸುಕಾಗುತ್ತವೆ. 100 ಮೆಗಾಬಿಟ್ ವೇಗದ ಹಳೆಯ ಕಾರ್ಡುಗಳು ತಂತಿಯ ಎಂಟು ಎಳೆಗಳಲ್ಲಿ 1, 2, 3, 6 ಎಂಬ ನಾಲ್ಕನ್ನಷ್ಟೇ ಬಳಸುತ್ತವೆ. ಅವುಗಳಲ್ಲಿ ಒಂದರ ತುದಿ ಕಿಲುಬು ಹಿಡಿದರೂ ಸಂಪರ್ಕ ಹೋಗುತ್ತಾ ಬರುತ್ತಾ ಇರುತ್ತದೆ. ತುದಿಯನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸುವುದು ಕಡಿಮೆ ಖರ್ಚಿನ ಪರಿಹಾರ. ಕೆಂಪುಕಲ್ಲಿನ ದಪ್ಪ ಗೋಡೆಗಳ ಮನೆಯಲ್ಲಿ ವೈಫೈ ಒಳಕೋಣೆ ತಲುಪುವ ಹೊತ್ತಿಗೆ ಸೊರಗಿರುತ್ತದೆ. ಅದಕ್ಕಾಗಿ ಹಳೆಯ ಯಂತ್ರಕ್ಕೆ ವೈಫೈ ಡಾಂಗಲ್ ಹುಡುಕುವ ಬದಲು ತಂತಿಯನ್ನೇ ಎಳೆಯಬಹುದು, ಲ್ಯಾನ್ ತಂತಿ 100 ಮೀಟರಿನವರೆಗೆ ನಡೆಯುತ್ತದೆ. ಇನ್ನು ಸಿಡಿಲು: ತಾಮ್ರದ ದೂರವಾಣಿ ತಂತಿಯ ಮೂಲಕ ಬಂದ ಆಘಾತ ಮೋಡೆಮ್ ದಾಟಿ, ಲ್ಯಾನ್ ತಂತಿ ಹಿಡಿದು, ಮದರ್‌ಬೋರ್ಡಿನ ಲ್ಯಾನ್ ಪೋರ್ಟನ್ನು ಸುಟ್ಟ ಪ್ರಸಂಗಗಳು ಇಲ್ಲಿ ಅಪರೂಪವಲ್ಲ. ಯಂತ್ರದ ಉಳಿದೆಲ್ಲ ಭಾಗ ಚೆನ್ನಾಗಿದ್ದರೆ ಒಂದು ಪಿಸಿಐ ಲ್ಯಾನ್ ಕಾರ್ಡ್ ಸಿಕ್ಕಿಸಿ ಅದನ್ನು ಉಳಿಸಿಕೊಳ್ಳಬಹುದು. ಡ್ರೈವರ್ ಇಲ್ಲದೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇಲ್ಲದೆ ಡ್ರೈವರ್ ಸಿಗುವುದಿಲ್ಲವಾದ್ದರಿಂದ, ಅದನ್ನು ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತರಬೇಕು. ಯಾವ ಡ್ರೈವರ್ ಎಂದು ತಿಳಿಯದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ ಹಾರ್ಡ್‌ವೇರ್ ಐಡಿ ನೋಡಿ: ತಯಾರಕರ ಸಂಖ್ಯೆ 8086 ಆಗಿದ್ದರೆ ಇಂಟೆಲ್, 10EC ಆಗಿದ್ದರೆ ರಿಯಲ್‌ಟೆಕ್.

ಸಿಡಿಲಿನ ಭಯದಿಂದಲೇ ಹುಟ್ಟುವ ಇನ್ನೊಂದು ತೊಂದರೆಯನ್ನು ಹೆಚ್ಚಿನವರು ಗುರುತಿಸುವುದಿಲ್ಲ. ಮೋಡ ಕಪ್ಪಾಗುತ್ತಿದ್ದಂತೆ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವುದು ನಮ್ಮ ಮನೆಗಳ ರೂಢಿ, ಮತ್ತು ಅದು ಸರಿಯಾದ ರೂಢಿ. ಆದರೆ ಡೆಸ್ಕ್‌ಟಾಪಿನ ಒಳಗಿನ ಗಡಿಯಾರ, ಪ್ಲಗ್ ಸಿಕ್ಕಿಸಿ ಸ್ವಿಚ್ ಹಾಕಿರುವಷ್ಟು ಹೊತ್ತು ಯಂತ್ರ ಆಫ್ ಆಗಿದ್ದರೂ ಗೋಡೆಯ ವಿದ್ಯುತ್ತಿನಿಂದಲೇ ನಡೆಯುತ್ತದೆ. ಪ್ಲಗ್ ಕಿತ್ತ ಕ್ಷಣದಿಂದ ಅದಕ್ಕೆ ಆಧಾರ ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿಯೊಂದೇ. ಮಳೆಗಾಲ ಪೂರ್ತಿ ಕಿತ್ತಿಟ್ಟ ಯಂತ್ರದಲ್ಲಿ ಆ ಬ್ಯಾಟರಿ ಬೇಗ ಮುಗಿಯುತ್ತದೆ. ಮುಗಿದ ಮೇಲೆ ಪ್ರತಿ ಬಾರಿ ಆನ್ ಮಾಡಿದಾಗಲೂ ಯಂತ್ರ ತಾನು ತಯಾರಾದ ಕಾಲದ ಯಾವುದೋ ದಿನಾಂಕಕ್ಕೆ ಮರಳುತ್ತದೆ. ಇಂದಿನ ಬಹುತೇಕ ತಾಣಗಳು ತಮ್ಮ ಗುರುತಿಗಾಗಿ ತೋರಿಸುವ ಡಿಜಿಟಲ್ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿದೆ. ಯಂತ್ರದ ಲೆಕ್ಕದಲ್ಲಿ ಅದು ಇನ್ನೂ 2009ನೇ ಇಸವಿಯಾಗಿದ್ದರೆ, ಆ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲ. ಆದ್ದರಿಂದ ಬ್ರೌಸರ್ ಪುಟವನ್ನು ತಡೆಯುತ್ತದೆ, ಮನೆಯವರು ಇಂಟರ್‌ನೆಟ್ ಇಲ್ಲವೆಂದು ಫೈಬರಿನವರಿಗೆ ಫೋನ್ ಮಾಡುತ್ತಾರೆ. ಮಾವನ ಯಂತ್ರದಲ್ಲಿ ವಿಳಾಸ ಸರಿಪಡಿಸಿದ ಮೇಲೆ ನಮಗೆ ಎದುರಾದ ಎರಡನೆಯ ಗಂಟು ಇದೇ ಆಗಿತ್ತು. ಪಿಂಗ್‌ಗೆ ಎಲ್ಲ ಕಡೆಯಿಂದಲೂ ಉತ್ತರ ಬರುತ್ತಿತ್ತು, ಪುಟ ಮಾತ್ರ ಬರುತ್ತಿರಲಿಲ್ಲ. ಪರದೆಯ ಬಲತುದಿಯ ದಿನಾಂಕ ನೋಡಬೇಕೆಂದು ಹೊಳೆಯುವ ಹೊತ್ತಿಗೆ ಸಂಜೆಯಾಗಿತ್ತು.

ಆ ಬ್ಯಾಟರಿಯ ಹೆಸರು ಸಿಆರ್ 2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಎಂಬುದನ್ನೇ ಆ ಸಂಖ್ಯೆ ಹೇಳುತ್ತದೆ. ವಾಚ್ ರಿಪೇರಿ ಅಂಗಡಿಗಳಲ್ಲೂ ಸಿಗುತ್ತದೆ. ವಿಂಡೋಸ್ ಇಂಟರ್‌ನೆಟ್ ಮೂಲಕ ಸಮಯ ಸರಿಪಡಿಸಿಕೊಳ್ಳಬಲ್ಲದಾದರೂ ದಿನಾಂಕ ವರ್ಷಗಟ್ಟಲೆ ಹಿಂದಿದ್ದರೆ ಅದನ್ನು ನಂಬಿ ಕೂರುವಂತಿಲ್ಲ. ಮೊದಲು ದಿನಾಂಕವನ್ನು ಕೈಯಾರೆ ಸರಿಮಾಡಿ, ಸಮಯವಲಯ ಗ್ರೀನಿಚ್‌ಗಿಂತ 5 ಗಂಟೆ 30 ನಿಮಿಷ ಮುಂದಿದೆಯೇ ಎಂದೂ ನೋಡಬೇಕು.

ಗಡಿಯಾರ ಸರಿಯಾದ ಮೇಲೂ ಕೆಲವು ತಾಣಗಳು ತೆರೆಯದಿದ್ದರೆ ಕಾರಣ ಯಂತ್ರದ ನಿಜವಾದ ವಯಸ್ಸು. ಗೂಢಲಿಪಿಯ ಹಳೆಯ ಪದ್ಧತಿಗಳಾದ ಟಿಎಲ್‌ಎಸ್ 1.0 ಮತ್ತು 1.1ನ್ನು ಪ್ರಮುಖ ಬ್ರೌಸರುಗಳು 2020ರ ಸುಮಾರಿಗೆ ಕೈಬಿಟ್ಟವು, ಮತ್ತು ಎಕ್ಸ್‌ಪಿಯ ಜೊತೆಗೆ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಅದಕ್ಕಿಂತ ಹೊಸತು ಗೊತ್ತಿಲ್ಲ. ವಿಂಡೋಸ್ 7ಕ್ಕೆ ಕ್ರೋಮ್‌ನ 109ನೇ ಆವೃತ್ತಿಯೇ ಕೊನೆಯದು. ಫೈರ್‌ಫಾಕ್ಸ್‌ನ ದೀರ್ಘಾವಧಿ ಬೆಂಬಲದ 115ನೇ ಆವೃತ್ತಿ ಅದರಲ್ಲಿ ಓಡುತ್ತದೆ. ಇದು ಸೆಟ್ಟಿಂಗ್ ಬದಲಿಸಿ ಸರಿಪಡಿಸುವ ವಿಷಯವಲ್ಲ.

ಇಲ್ಲಿಗೆ ಸುರಕ್ಷತೆಯ ಪ್ರಶ್ನೆ ಬರುತ್ತದೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮುಗಿಯಿತು. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಬ್ಬಿದ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ, ಕಡತ ಹಂಚಿಕೊಳ್ಳುವ ಎಸ್‌ಎಂಬಿ ಪದ್ಧತಿಯ ಮೊದಲ ಆವೃತ್ತಿಯಲ್ಲಿದ್ದ ದೋಷವನ್ನೇ ಬಳಸಿಕೊಂಡು ಯಂತ್ರದಿಂದ ಯಂತ್ರಕ್ಕೆ ದಾಟಿತ್ತು. ಆ ಆವೃತ್ತಿಯನ್ನು ಹೊಸ ವಿಂಡೋಸ್‌ಗಳು ಮುಚ್ಚಿಟ್ಟಿರುವುದರಿಂದ ಎಕ್ಸ್‌ಪಿಯ ಹಂಚಿದ ಫೋಲ್ಡರ್ ಹೊಸ ಲ್ಯಾಪ್‌ಟಾಪಿಗೆ ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಅದನ್ನು ಮತ್ತೆ ತೆರೆಯುವ ಉಪಾಯವನ್ನು ಹಲವರು ಹೇಳಿಕೊಡುತ್ತಾರೆ, ನಾನು ಬೇಡವೆನ್ನುತ್ತೇನೆ. ಕಡತ ಸಾಗಿಸಲು ಪೆನ್‌ಡ್ರೈವ್ ಇದೆ. ಬ್ಯಾಂಕಿನ ವ್ಯವಹಾರವನ್ನಂತೂ ಈ ಯಂತ್ರಗಳಲ್ಲಿ ಮಾಡಲೇಬಾರದು.

ಮಾವನಿಗೆ ಕೊನೆಗೆ ಬೇಕಾಗಿದ್ದದ್ದು ಇಂಟರ್‌ನೆಟ್ ಅಲ್ಲವೇ ಅಲ್ಲ ಎಂದು ಮಾತಾಡುತ್ತಾ ತಿಳಿಯಿತು. ಹಳೆಯ ಕಡತಗಳನ್ನು ಮನೆಯ ಹೊಸ ನೆಟ್‌ವರ್ಕ್ ಪ್ರಿಂಟರಿನಲ್ಲಿ ಮುದ್ರಿಸಿದರೆ ಅವರಿಗೆ ಸಾಕಿತ್ತು. ಸುದ್ದಿ, ವಾಟ್ಸಾಪ್ ಎಲ್ಲವೂ ಮೊಬೈಲಿನಲ್ಲೇ ಇವೆ. ಇಂಥ ಅಗತ್ಯಕ್ಕೆ ನಾಲ್ಕು ಪೆಟ್ಟಿಗೆಗಳೇ ಒಂದು ಅನುಕೂಲವನ್ನು ಒದಗಿಸುತ್ತವೆ. ಫೈಬರ್ ಪೆಟ್ಟಿಗೆ ತಾನಾಗಿ ಹಂಚುವ ವಿಳಾಸಗಳ ವ್ಯಾಪ್ತಿಯ ಹೊರಗಿನ ಒಂದು ವಿಳಾಸವನ್ನು ಆರಿಸಿ, ಉದಾಹರಣೆಗೆ ಅದು 100ರಿಂದ 200ರವರೆಗೆ ಹಂಚುತ್ತಿದ್ದರೆ 192.168.0.20 ಎಂದು ಬರೆದು, ಮಾಸ್ಕ್ 255.255.255.0 ಎಂದು ತುಂಬಿ, ಗೇಟ್‌ವೇ ಮತ್ತು ಡಿಎನ್‌ಎಸ್ ಪೆಟ್ಟಿಗೆಗಳನ್ನು ಖಾಲಿ ಬಿಟ್ಟೆವು. ವಿಂಡೋಸ್ 7ರಲ್ಲಿ ಇಂಟರ್‌ನೆಟ್ ಪ್ರೋಟೋಕಾಲ್ ವರ್ಷನ್ 6 ಎಂಬ ಹೊಸ ವಿಳಾಸ ಪದ್ಧತಿಯ ದಾರಿ ಬೇರೆಯೇ ಇರುವುದರಿಂದ ಅದರ ಟಿಕ್ಕನ್ನೂ ತೆಗೆದೆವು. ಊರೊಳಗಿನ ಪ್ರಿಂಟರನ್ನು ಯಂತ್ರ ನೇರವಾಗಿ ತಲುಪುತ್ತದೆ, ಊರ ಹೊರಗಿನ ಟಪಾಲನ್ನು ಯಾರ ಕೈಗೆ ಕೊಡಬೇಕೆಂದು ಅದಕ್ಕೆ ತಿಳಿಯದು. ಮನೆಯ ಬೇರೊಂದು ಕಂಪ್ಯೂಟರಿಗೆ ಸೋಂಕು ತಗುಲಿದರೆ ಅದು ಒಳಗಿನಿಂದಲೇ ದಾಟಿ ಬರುವ ಸಾಧ್ಯತೆ ಇದ್ದೇ ಇದೆ, ಆದ್ದರಿಂದ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ವಿಂಡೋಸ್‌ನ ಫೈರ್‌ವಾಲ್ ಆನ್ ಆಗಿರಬೇಕು. ಗೇಟ್‌ವೇ ಇಲ್ಲದ ನೆಟ್‌ವರ್ಕನ್ನು ವಿಂಡೋಸ್ 7 ಅನ್‌ಐಡೆಂಟಿಫೈಡ್ ಎಂದು ಕರೆದು, ಗಡಿಯಾರದ ಪಕ್ಕದ ಐಕಾನಿನ ಮೇಲೆ ಹಳದಿ ಗುರುತು ತೋರಿಸುತ್ತದೆ. ಅದನ್ನು ನೋಡಿ ಯಾರಾದರೂ ಸರಿಪಡಿಸಲು ಹೋಗಬಾರದೆಂದು ಮಾವ ಒಂದು ಚೀಟಿ ಬರೆದು ಕ್ಯಾಬಿನೆಟಿಗೆ ಅಂಟಿಸಿದ್ದಾರೆ. ಅದರ ಕೆಳಭಾಗದಲ್ಲಿ ನಾಲ್ಕು ಪೆಟ್ಟಿಗೆಗಳ ಅಂಕಿಗಳೂ ಬ್ಯಾಟರಿ ಬದಲಿಸಿದ ದಿನಾಂಕವೂ ಇವೆ.